ತಿಕೋಟಾ ಬ್ಯಾಂಕಿನ ಎರಡಾಣೆ ಚೀಟಿ

ಹಳೆಯ ನೋಟಿನ ಹುಚ್ಚು ಹತ್ತಿದವರಿಗೆ ನಗೆಪಾಟಲಿನ ಸಂಗತಿಗಳು ತಾವಾಗಿಯೇ ಬೆನ್ನು ಹತ್ತುತ್ತವೆ. ಗಂಭೀರವಾಗಿ ಇರಬೇಕೆಂದು ನಿರ್ಧಾರ ಮಾಡಿಯೇ ಮನೆ ಬಿಡುತ್ತೇನೆ, ಸಂಜೆ ತಿರುಗಿ ಬರುವಷ್ಟರಲ್ಲಿ ಒಂದಾದರೂ ಆಗಿಯೇ ಇರುತ್ತದೆ. ನನ್ನ ಯಜಮಾನರು ಹೈಸ್ಕೂಲ್ ಮಾಸ್ತರರು. ನಾನು ಚಪ್ಪಲಿ ಬಿಡುವ ಮೊದಲೇ ಮುಖ ನೋಡಿ, "ಇವತ್ತೇನಾತು, ಹೇಳಿಬಿಡು. ಆಮ್ಯಾಲ ಚಹಾ ಕುಡಿಯೋಣು," ಅನ್ನುತ್ತಾರೆ.

ನಾನು ವಿಜಯಪುರದ ಒಂದು ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂರುವವಳು. ದಿನವೆಲ್ಲ ಕೈಯಲ್ಲಿ ಹೊಸ ನೋಟು, ಜೀವ ಮಾತ್ರ ಹಳೆಯದರಲ್ಲಿ. ಅದರಲ್ಲೂ ಒಂದು ಚೀಟಿಯ ಸಲುವಾಗಿ ನಾನು ಊಟ ನಿದ್ದೆ ಬಿಟ್ಟಿದ್ದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ತವರು ತಿಕೋಟಾ. ಅಪ್ಪನದು ಅಲ್ಲಿ ಸಣ್ಣ ಕಿರಾಣಿ ಅಂಗಡಿ ಇತ್ತು. ಅಪ್ಪ ಹೇಳುತ್ತಿದ್ದ: ದೊಡ್ಡ ಯುದ್ಧ ನಡೆದ ಕಾಲಕ್ಕೆ ಚಿಲ್ಲರೆ ಅನ್ನುವುದೇ ಮಾಯವಾಗಿತ್ತಂತೆ. ಸಂತೆಗೆ ಹೋದವರು ರೂಪಾಯಿ ಹಿಡಿದುಕೊಂಡು ಮುರಿಸಲಾಗದೆ ಬರಿಗೈಯಲ್ಲಿ ಬರುತ್ತಿದ್ದರಂತೆ. ಆಗ ಊರಿನಲ್ಲಿದ್ದ ಒಂದೇ ಖೋಲಿಯ ಸಣ್ಣ ಬ್ಯಾಂಕು ತನ್ನ ಹೆಸರು ಅಚ್ಚು ಹಾಕಿಸಿ, ಮುದ್ರೆ ಒತ್ತಿ, ಎರಡಾಣೆಯ ಕಾಗದದ ಚೀಟಿ ಹೊರಡಿಸಿತಂತೆ. ಊರಿನ ಅಂಗಡಿಯವರೆಲ್ಲ ಅದನ್ನು ನಾಣ್ಯದ ಬದಲು ಇಸಕೊಳ್ಳುತ್ತಿದ್ದರು. ಯುದ್ಧ ಮುಗಿಯಿತು, ಚಿಲ್ಲರೆ ಬಂತು, ಚೀಟಿ ಹೋಯಿತು, ಹಿಂದಿನಿಂದ ಬ್ಯಾಂಕೂ ಬಾಗಿಲು ಹಾಕಿತು. ಅಪ್ಪ ಹುಡುಗನಿದ್ದಾಗ ಅಂಥ ಒಂದು ಚೀಟಿ ಹಿಡಿದು ಬೆಲ್ಲ ತರಲು ಹೋಗಿದ್ದನಂತೆ. ಅದನ್ನು ಹೇಳುವಾಗ ಅವನ ಮುಖ ಬೆಲ್ಲ ಈಗ ತಿಂದವನ ಹಾಗೆ ಆಗುತ್ತಿತ್ತು. ಒಂದು ಚೀಟಿಯನ್ನೂ ನನಗೆ ತೋರಿಸದೆ ಅಪ್ಪ ಹೋಗಿಬಿಟ್ಟ.

ಹಳೆ ನೋಟು ಕೂಡಿಡುವ ನಾವು ಕೆಲವರು ರವಿವಾರಕ್ಕೊಮ್ಮೆ ಗಾಂಧಿ ಚೌಕದಲ್ಲಿ ಒಬ್ಬ ಬಟ್ಟೆ ವ್ಯಾಪಾರಿಯ ಅಂಗಡಿಯ ಮಹಡಿಯ ಮೇಲೆ ಸೇರುತ್ತೇವೆ. ನಮ್ಮಲ್ಲಿ ಅವರೇ ದೊಡ್ಡ ಕುಳ. ಎಲ್ಲರೂ ಅವರನ್ನು ಸಾವ್ಕಾರ್ರು ಅನ್ನುತ್ತೇವೆ. ಒಂದು ರವಿವಾರ ನಾನು ಈ ಚೀಟಿಯ ಮಾತು ತೆಗೆದೆ. ಸಾವ್ಕಾರ್ರು ಕನ್ನಡಕ ತೆಗೆದು ಒರೆಸುತ್ತ, "ಅಕ್ಕಾರ, ತಿಕೋಟಾದಾಗ ದ್ರಾಕ್ಷಿ ಬೆಳೀತಾರ. ನೋಟು ಬೆಳದದ್ದು ನಾ ಕೇಳಿಲ್ಲ," ಅಂದರು. ಎಲ್ಲರೂ ನಕ್ಕರು. ಇನ್ನೊಬ್ಬರು, "ನಿಮ್ಮ ತಂದಿಯವರು ನಿಮ್ಮನ್ನ ಮಲಗಸಾಕ ಹೇಳಿರಬೇಕ್ರಿ," ಅಂದರು.

ಅದು ನನಗೆ ತಾಗಿತು. ನಮ್ಮಪ್ಪ ತಕ್ಕಡಿಯಲ್ಲಿ ಒಂದು ಕಾಳು ಕಡಿಮೆ ತೂಗಿದವನಲ್ಲ. ಸಿಟ್ಟು ನೆತ್ತಿಗೇರಿ, "ಈ ಸಲದ ನಮ್ಮ ಹಳೇ ನೋಟಿನ ಪ್ರದರ್ಶನದಾಗ ನನ್ನ ಮೇಜಿನ ಮ್ಯಾಲ ತಿಕೋಟಾ ಬ್ಯಾಂಕಿನ ಚೀಟಿ ಇರತೈತಿ. ನಮ್ಮಪ್ಪ ಹೇಳಿದ್ದು ಖರೆ ಐತಂತ ನೀವ ನಿಮ್ಮ ಬಾಯಿಲೆ ಅನಬೇಕು," ಅಂದು ಮಹಡಿ ಇಳಿದುಬಂದೆ. ಮೆಟ್ಟಿಲು ಇಳಿದ ಮೇಲೆ ನೆನಪಾಯಿತು, ಆ ಚೀಟಿ ಕೆಂಪಗಿದೆಯೋ ಹಸಿರಾಗಿದೆಯೋ ಅನ್ನುವುದೇ ನನಗೆ ಗೊತ್ತಿಲ್ಲ.

ಡ್ರೈವರ್ ಸಮೇತ

ಹುಡುಕಲು ಶುರು ಮಾಡಿದೆ. ಹಳ್ಳಿಯಿಂದ ಬ್ಯಾಂಕಿಗೆ ಬಂದವರಿಗೆಲ್ಲ, "ಮನ್ಯಾಗ ಹಳೇ ನೋಟು, ಚೀಟಿ ಏನರ ಅದಾವೇನ್ರಿ?" ಎಂದು ಕೇಳಿದೆ. ನನ್ನ ಯಜಮಾನರು ಆಗಲೇ ಎಚ್ಚರಿಸಿದ್ದರು: "ಸುದ್ದಿ ಹಬ್ಬಿಸಾಕ ಪೇಪರಿಗೆ ಕೊಡೂದು ಬ್ಯಾಡ. ಪಾಸ್‌ಬುಕ್ ಎಂಟ್ರಿ ಮಾಡ್ಸು ಸಾಲಿನ್ಯಾಗ ಒಬ್ಬರ ಕಿವ್ಯಾಗ ಹೇಳಿದ್ರ ಸಾಕು."

ಹಾಗೆಯೇ ಆಯಿತು. ಒಬ್ಬರು ಗೆದ್ದಲು ತಿಂದ ನೋಟು ತಂದರು. ಒಬ್ಬರು ಅಂಗಿಯ ಜೊತೆ ಒಗೆದ ನೋಟು ತಂದರು. ಇನ್ನೊಬ್ಬರು ಮೊಮ್ಮಗನ ಆಟದ ನೋಟಿನ ಕಟ್ಟನ್ನೇ ತಂದು, "ಇದರಾಗ ಯಾವುದರ ಆದ್ರ ನೋಡ್ರಿ," ಅಂದರು.

ಒಂದು ದಿನ ಕಾಖಂಡಕಿಯ ಒಬ್ಬ ರೈತ ಬಂದ. ಅವನ ಕಣ್ಣಿನಲ್ಲಿದ್ದ ಹೊಳಪು ನೋಡಿ ನಾನು ಎಣಿಸುತ್ತಿದ್ದ ನೋಟು ಕೆಳಗಿಟ್ಟೆ.

"ಮೇಡಮ್ಮಾರ, ಮೊದಲ ಬಾಗಲಾ ಹಾಕಸ್ರಿ," ಅಂದ.

"ನಿಮ್ಮೊಬ್ಬರ ಸಲುವಾಗಿ ಬ್ಯಾಂಕಿನ ಬಾಗಲಾ ಹಾಕಾಕ ಬರೂದಿಲ್ರಿ. ತೋರಸ್ರಿ."

ಅವನು ಸುತ್ತ ನೋಡಿ ಒಳಜೇಬಿನಿಂದ ಕರವಸ್ತ್ರದ ಗಂಟು ತೆಗೆದ. ಗಂಟಿನೊಳಗೆ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಪೇಪರಿನ ಸುರುಳಿ. ಸುರುಳಿ ಬಿಚ್ಚಿದರೆ ಐದು ರೂಪಾಯಿ ನೋಟು. ಟ್ರ್ಯಾಕ್ಟರ್ ಹೊಡೆಯುವ ರೈತನ ಚಿತ್ರ ಇರುತ್ತದಲ್ಲ, ಅದೇ.

"ಮೊಬೈಲ್‌ನ್ಯಾಗ ಬಂದೈತ್ರಿ, ಈ ನೋಟಿಗೆ ಲಕ್ಷಗಟ್ಟಲೆ ಕೊಡತಾರಂತ."

"ಯಾರು ಕೊಡತಾರಂತ?"

"ಅದನ್ನ ಹೇಳಿಲ್ರಿ. ಅದಕ ನಿಮ್ಮ ಕಡೆ ಬಂದೇನಿ."

ಇಂಥವು ಊರು ತುಂಬ ಇವೆ, ಇದಕ್ಕೆ ಇವತ್ತಿಗೂ ಐದೇ ರೂಪಾಯಿ ಎಂದು ಸಮಾಧಾನದಿಂದ ತಿಳಿಸಿ ಹೇಳಿದೆ. ಆದರೆ ಅವನು ಬೇಸರ ಮಾಡಿಕೊಳ್ಳುವ ಆಸಾಮಿ ಅಲ್ಲ.

"ಹೋಗ್ಲಿ ಬಿಡ್ರಿ. ನಾ ಟ್ರ್ಯಾಕ್ಟರ್ ಸಾಲಕ್ಕ ಅರ್ಜಿ ಕೊಟ್ಟೇನಿ. ಸಾಲಾ ಮುಟ್ಟೂ ತನಕಾ ಟ್ರ್ಯಾಕ್ಟರ್ ಬ್ಯಾಂಕಿಗೆ ಅಡವ ಇರಬೇಕು ಅಂತ ನಿಮ್ಮ ಸಾಹೇಬ್ರು ಅಂದಾರ. ಹಂಗಾರ ಇದನ್ನ ಈಗ ಅಡವ ಇಟಗೋರಿ," ಎಂದು ನೋಟು ನನ್ನ ಕಡೆ ಸರಿಸಿದ. "ನೋಡ್ರಿ, ಡ್ರೈವರ್ ಸೈತ ಕುಂತಾನ."

ಚಿಮಟಿಗೆ

ನಮ್ಮ ಸಾವ್ಕಾರ್ರ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅವರು ನೋಟನ್ನು ಬರಿಗೈಯಲ್ಲಿ ಮುಟ್ಟುವುದಿಲ್ಲ. ಚಿಮಟಿಗೆಯಲ್ಲಿ ಹಿಡಿಯುತ್ತಾರೆ. ಕೈಗೆ ಬಿಳಿ ಗವಸು, ಬಾಯಿಗೆ ಮಾಸ್ಕು. "ಬೆರಳಿನ ಎಣ್ಣಿ ಹತ್ತಿತಂದ್ರ ನೋಟು ಸತ್ತಂಗರಿ," ಅನ್ನುತ್ತಾರೆ. ಮಹಡಿಯ ಮೇಲೆ ಚಹಾ ಇಲ್ಲ. ಕುಡಿಯಬೇಕಾದವರು ಮೆಟ್ಟಿಲ ಮೇಲೆ ಸಾಲಾಗಿ ಕೂತು ಕುಡಿದು, ಬಾಯಿ ಒರೆಸಿಕೊಂಡು ಮೇಲೆ ಬರಬೇಕು. ಅವರ ಕಣ್ಮಣಿ ಎಂದರೆ ಬ್ರಿಟಿಷ್ ರಾಜನ ಮುಖ ಇರುವ ಹತ್ತು ರೂಪಾಯಿ ನೋಟು. ಅದರ ಮೇಲೆ ಒಂದು ಮಡಿಕೆಯಿಲ್ಲ, ಒಂದು ಚುಕ್ಕೆಯಿಲ್ಲ. ಹೆಂಡತಿಯ ಹುಟ್ಟಿದ ದಿನ ಮರೆತಿರಬಹುದು, ಆ ನೋಟನ್ನು ಗಾಳಿಗೆ ತೆಗೆಯುವ ದಿನ ಮರೆತವರಲ್ಲ.

ಒಂದು ಮಧ್ಯಾಹ್ನ ಅವರು ಅಂಗಡಿಯ ಗಲ್ಲೆಯ ಹತ್ತಿರ ಕೂತು ಹೊಸದಾಗಿ ಸಿಕ್ಕ ಒಂದು ಹಳೆ ನೋಟನ್ನು ಹೀಗೆ ಮಾಸ್ಕು, ಗವಸು, ಚಿಮಟಿಗೆಯ ಸಮೇತ ನೋಡುತ್ತಿದ್ದರು. ಮದುವೆಯ ಜವಳಿಗೆ ಬಂದಿದ್ದ ಒಬ್ಬ ಹೆಣ್ಣುಮಗಳು ಅದನ್ನು ನೋಡಿ ಸೀರೆ ಕೆಳಗಿಟ್ಟಳು.

"ಏನ ಹತ್ತೈತ್ರಿ ಆ ನೋಟಿಗೆ?"

"ಮುಟ್ಟಬಾರದವ್ವಾ ಅದನ್ನ," ಅಂದರು ಸಾವ್ಕಾರ್ರು, ಕಣ್ಣು ಎತ್ತದೆ.

"ಮುಟ್ಟಿದ್ರ ಏನಾಕೈತ್ರಿ?"

"ಹಾಳಾಕೈತಿ. ಎಲ್ಲಾ ಹಾಳಾಕೈತಿ."

ಅಷ್ಟು ಸಾಕಾಯಿತು. ಆ ಹೆಣ್ಣುಮಗಳು ಪಕ್ಕದ ಅಂಗಡಿಯಲ್ಲಿ ಹೇಳಿದಳು, ಅವರು ಬಳೆ ಅಂಗಡಿಗೆ ಹೇಳಿದರು. ನೋಟಿನಿಂದ ಏನೋ ಹೊಸ ಬೇನೆ ಬರುತ್ತಿದೆ, ಸಾವ್ಕಾರ್ರಂಥ ತಿಳಿದವರೇ ಚಿಮಟಿಗೆಯಿಂದ ಹಿಡಿಯುತ್ತಿದ್ದಾರೆ ಎಂಬ ಮಾತು ಗಾಂಧಿ ಚೌಕದ ಓಣಿಗಳನ್ನೆಲ್ಲ ಸುತ್ತಿತು. ಸಂಜೆಯ ಹೊತ್ತಿಗೆ ಕಾಯಿಪಲ್ಲೆ ಮಾರುವ ಅಜ್ಜಿಯೂ ಕೈ ಹಿಂದೆ ಎಳೆದುಕೊಂಡು, "ರೊಕ್ಕ ಬ್ಯಾಡ, ಫೋನಿನ್ಯಾಗ ಹಾಕ್ರಿ," ಅನ್ನುತ್ತಿದ್ದಳಂತೆ. ಆವತ್ತು ಸಾವ್ಕಾರ್ರು ಮನೆಗೆ ಹೋಗಲು ಆಟೋ ಹತ್ತಿ ಐವತ್ತರ ನೋಟು ತೆಗೆದರೆ ಆಟೋದವನು ಹೌಹಾರಿ ಹಿಂದೆ ಸರಿದ. "ಸಾವ್ಕಾರ್ರ, ನೀವ ಮುಟ್ಟಂಗಿಲ್ಲಂತ. ನಾ ಬಡವಾ, ಹೆಂಗ ಮುಟ್ಲಿ?"

ಮಾಸ್ತರರ ಕಾಳಜಿ

ಬಬಲೇಶ್ವರದಿಂದ ಒಬ್ಬ ನಿವೃತ್ತ ಮಾಸ್ತರರು ಫೋನ್ ಮಾಡಿದರು. ತಿಕೋಟಾ ಚೀಟಿಯ ವಿಷಯ ತಮಗೂ ಗೊತ್ತು, ತಮ್ಮ ಟ್ರಂಕಿನಲ್ಲಿ ಒಂದು ಹಳೆಯ ನೋಟೂ ಇದೆ, ಬಂದು ನೋಡಿರಿ ಅಂದರು. ನಾನು ಫೋನಿನಲ್ಲೇ ಕುಣಿದೆ. "ನಾ ನಾಳಿಗೇ ಬರತೇನ್ರಿ. ಅಲ್ಲೀತನಕಾ ಭಾಳ ಜ್ವಾಕಿ ಮಾಡ್ರಿ. ನೀರು, ಗಾಳಿ, ಧೂಳ ತಾಕಬಾರದು," ಎಂದು ಮತ್ತೆ ಮತ್ತೆ ಹೇಳಿದೆ.

ಮರುದಿನ ರಜೆ ಹಾಕಿ ಬಸ್ಸು ಹತ್ತಿದೆ. ಮಾಸ್ತರರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. ಚಹಾ, ಚುರುಮುರಿ, ಊರಿನ ಸುದ್ದಿ ಎಲ್ಲ ಆಯಿತು. ಕಡೆಗೆ ಅವರು ಒಳಗೆ ಹೋಗಿ ಎರಡೂ ಕೈಯಲ್ಲಿ ನೋಟು ಹಿಡಿದುಕೊಂಡು ಬಂದರು.

ಅದು ತಿಕೋಟಾದ ಚೀಟಿ ಆಗಿರಲಿಲ್ಲ. ಹಳೆಯ ಕಾಲದ ನೂರರ ನೋಟು, ಈಗಿನದರ ಮುಂದೆ ಚಾದರದಂತೆ ಅಗಲ. ನಾನು ಎಷ್ಟೋ ವರ್ಷದಿಂದ ಕೇಳಿಯಷ್ಟೇ ಗೊತ್ತಿದ್ದ ನೋಟು. ಆದರೆ ಅದು ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು. ಹಳೆಯ ಕಾಗದ ಹೊಳೆಯುವುದಿಲ್ಲ.

"ಸರ, ಇದನ್ನ ಏನ ಮಾಡೀರಿ?"

"ನೀವ ಹೇಳಿದ್ರೆಲ್ರಿ, ನೀರು, ಗಾಳಿ, ಧೂಳ ತಾಕಬಾರದು ಅಂತ. ಲ್ಯಾಮಿನೇಷನ್ ಮಾಡಿಸೇನ್ರಿ. ಇನ್ನ ನೂರ ವರ್ಷ ಇದಕ್ಕ ಏನೂ ಆಗೂದಿಲ್ಲ. ಮ್ಯಾಲ ಒಂದು ತೂತೂ ಹೊಡಸೇನಿ, ಮೊಳಿಗೆ ನೇತಹಾಕಾಕ ಅನುಕೂಲ ಆಕೈತಿ."

ಲ್ಯಾಮಿನೇಷನ್ ಎಂದರೆ ನಮ್ಮ ಲೋಕದಲ್ಲಿ ನೋಟಿನ ಅಂತ್ಯಸಂಸ್ಕಾರ. ಅಂಟು ಕಾಗದದೊಳಗೆ ಇಳಿದರೆ ಮುಗಿಯಿತು. ಅವರಿಗೆ ಏನೆಂದು ಹೇಳಲಿ? ಅವರ ಮುಖದಲ್ಲಿ ನನ್ನ ಶಾಬಾಸ್‌ಗಿರಿಗಾಗಿ ಕಾಯುವ ಖುಷಿ ಇತ್ತು. "ಯಾವಾಗ ಮಾಡಿಸಿದ್ರಿ ಸರ?" ಅಂದೆ.

"ನೀವು ಬಸ್ ಸ್ಟ್ಯಾಂಡಿನ್ಯಾಗ ಇಳದೇನಿ ಅಂತ ಫೋನ್ ಮಾಡಿದ್ರಿ ನೋಡ್ರಿ, ಆವಾಗ ಓಡಿದೆ," ಅಂದರು ಮಾಸ್ತರರು. "ಮುಟ್ಟಿ ನೋಡ್ರಿ ಬೇಕಾದ್ರ, ಇನ್ನಾ ಬಿಸಿ ಐತಿ."

ನಿಡೋಣಿಯ ಆಯಿ

ಆದರೂ ಆ ಮಾಸ್ತರರ ಋಣ ನನ್ನ ಮೇಲಿದೆ. "ತಿಕೋಟಾ ಚೀಟಿ ಬೇಕಂದ್ರ ನಿಡೋಣಿಗೆ ಹೋಗ್ರಿ. ಅಲ್ಲಿ ಒಬ್ಬಾಕಿ ವಯಸ್ಸಾದ ಆಯಿ ಅದನ್ನ ದೇವರ ಜಗಲಿ ಮ್ಯಾಲ ಇಟ್ಟು ಪೂಜಾ ಮಾಡತಾಳ," ಎಂದು ದಾರಿ ತೋರಿಸಿದವರು ಅವರೇ.

ಆ ಶುಕ್ರವಾರವೇ ಯಜಮಾನರ ಸ್ಕೂಟರ್ ಹತ್ತಿ ನಿಡೋಣಿಗೆ ಹೋದೆ. ಕಟ್ಟೆಯ ಮೇಲೆ ಅವಳ ಗಂಡ, ಮುತ್ಯಾ, ಕೂತಿದ್ದರು, ಒಳಗೆ ಆಯಿ ರೊಟ್ಟಿ ಬಡಿಯುತ್ತಿದ್ದಳು. ನಾನು ಬಂದ ಕಾರಣ ಕೇಳಿ ಆಯಿ ಕೈ ತೊಳೆದು ಬಂದು ಕೂತಳು.

"ಐತಿ ಯವ್ವಾ. ಆದ್ರ ಇವತ್ತ ಶುಕ್ರಾರ. ಶುಕ್ರಾರ ಲಕ್ಷ್ಮೀನ ಜಗಲಿ ಬಿಟ್ಟು ಇಳಸಂಗಿಲ್ಲ."

ಬಿಸಿ ರೊಟ್ಟಿ, ಶೇಂಗಾ ಹಿಂಡಿ ತಿಂದು ಬಂದೆವು. ತಡೆಯಲಾಗದೆ ನಾಲ್ಕು ದಿನಕ್ಕೆ ಮತ್ತೆ ಹೋದೆ. "ಮಂಗಳಾರ ಬಂದಿ ಅಲ್ಲವ್ವಾ," ಅಂದಳು ಆಯಿ. ಮತ್ತೆ ರೊಟ್ಟಿ, ಮತ್ತೆ ಹಿಂಡಿ. ಮೂರನೆಯ ಸಲ ವಾರ ನೋಡಿಯೇ ಹೊರಟೆ. ಹೊಸ್ತಿಲ ಮೇಲೆ ಕಾಲಿಡುವಷ್ಟರಲ್ಲಿ ಆಯಿ ಹಣೆ ಬಡಿದುಕೊಂಡಳು. "ಇವತ್ತ ಅಮಾಸಿ. ಬ್ಯಾಂಕಿನ್ಯಾಗ ನೌಕರಿ ಮಾಡತಿ, ಒಂದು ಕ್ಯಾಲೆಂಡರ್ ಇಲ್ಲೇನ ನಿಮ್ಮಲ್ಲೆ?" ನನ್ನ ಯಜಮಾನರಿಗೆ ಮಾತ್ರ ಏನೂ ಬೇಸರವಿರಲಿಲ್ಲ. "ನೋಟು ಸಿಗವಲ್ದು ನಿಜ. ಆದ್ರ ಇಂಥ ಹಿಂಡಿ ಮನ್ಯಾಗ ಸಿಗೂದಿಲ್ಲ," ಅಂದರು.

ನಾಲ್ಕನೆಯ ಸಲ ಹೋದಾಗ ದಿನ ಸರಿ ಇತ್ತು, ಆದರೆ ಆಯಿ ಬೇರೆಯೇ ಮಾತು ತೆಗೆದಳು.

"ಇದು ನಮ್ಮತ್ತಿ ಉಡಿಯೊಳಗ ಬಂದದ್ದು. ಆಕಿ ತವರ ಮನಿ ತಿಕೋಟಾ. ಆಕಿನ್ನ ಗಂಡನ ಮನಿಗೆ ಕಳಸೂಮುಂದ ಉಡಿಯೊಳಗ ಹಾಕಾಕ ಒಂದು ನಾಣ್ಯೆ ಸಿಗಲಿಲ್ಲಂತ. ಅದಕ ಅವರಪ್ಪ ಈ ಚೀಟಿ ಹಾಕ್ಯಾನ. ಉಡಿಯೊಳಗ ಬಂದದ್ದನ್ನ ಮಾರತಾರೇನ ಯವ್ವಾ?"

ಪ್ರದರ್ಶನ ಮುಂದಿನ ರವಿವಾರ. ಅಪ್ಪನ ಮಾತು ಸುಳ್ಳಾಗಿಯೇ ಉಳಿಯುತ್ತದೆ ಅನ್ನಿಸಿ ಕಣ್ಣಲ್ಲಿ ನೀರು ಬಂತು. ಏನೂ ಮುಚ್ಚಿಡದೆ ಎಲ್ಲವನ್ನೂ ಆಯಿಯ ಮುಂದೆ ಹೇಳಿಬಿಟ್ಟೆ. ನನ್ನ ತವರೂ ತಿಕೋಟಾ, ಅಪ್ಪ ಅಂಥ ಚೀಟಿ ಒಯ್ದು ಬೆಲ್ಲ ತಂದಿದ್ದ, ಎಲ್ಲರೂ ನಕ್ಕರು.

ಆಯಿ ಸೆರಗಿನಿಂದ ನನ್ನ ಮುಖ ಒರೆಸಿದಳು. "ತಿಕೋಟಾದ ಮಗಳಂತ ಮೊದಲ ಹೇಳಬಾರದೇನ ಹುಚ್ಚಿ? ಮಾರಾಕ ಬರಂಗಿಲ್ಲ, ಆದ್ರ ಉಡಿಯೊಳಗ ಬಂದದ್ದು ಉಡಿಯೊಳಗ ಹೋಗಬೌದು. ನಾ ನಿನ್ನ ಉಡಿ ತುಂಬತೀನಿ."

ನಾನು ಅವಳ ಕಾಲಿಗೆ ಬಿದ್ದೆ. ಆಗ ಆಯಿ ನಗಲು ಶುರು ಮಾಡಿದಳು. ಏನಾಯಿತೆಂದು ಕೇಳಿದರೆ, "ಹ್ವಾದ ವಾರ ಗಾಂಧಿ ಚೌಕದ ಒಬ್ಬ ಸಾವ್ಕಾರ ಕಾರ್ ತಗೊಂಡು ಬಂದಿದ್ದ. ಕೈಗೆ ಬಿಳೀ ಗವಸ, ಒಂದು ಚಿಮಟಿಗಿ. ಕೇಳಿದಷ್ಟು ರೊಕ್ಕಾ ಕೊಡತೀನಿ ಅಂದ. ಇದನ್ನ ಮಾರಾಕ ಬರಂಗಿಲ್ಲಪ್ಪಾ, ಹೆಣ್ಣಮಕ್ಕಳ ಉಡಿಯೊಳಗ ಅಷ್ಟ ಹಾಕಾಕ ಬರತೈತಿ ಅಂದೆ." ಆಯಿ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು. "ಅಂಗೀ ಚುಂಗ ಸೆರಗಿನಂಗ ಒಡ್ಡಿ ನಿಂತುಬಿಟ್ಟನವ್ವಾ."

ಉಡಿ

ಉಡಿ ತುಂಬುವುದೆಂದರೆ ಸುಮ್ಮನೆ ಕೊಡುವುದಲ್ಲ. ಆಯಿ ಓಣಿಯ ಮುತ್ತೈದೆಯರನ್ನು ಕರೆಸಿದಳು. ನನ್ನನ್ನು ಮಣೆಯ ಮೇಲೆ ಕೂರಿಸಿದರು. ಜಗಲಿಯ ಮೇಲಿಂದ ಒಂದು ಹಿತ್ತಾಳೆಯ ಭರಣಿ ಬಂತು. ಮುಚ್ಚಳ ತೆಗೆದಾಗ ನಾನು ಮಣೆಯ ಮೇಲಿಂದಲೇ ಬಗ್ಗಿ ನೋಡಿದೆ.

ಅಂಗೈಗಿಂತ ಸಣ್ಣ ಚೀಟಿ, ಒಣಗಿದ ಎಲೆಯ ಬಣ್ಣ. ನೀಲಿ ಮಸಿಯ ದುಂಡು ಮುದ್ರೆ. ಮೇಲೆ ಕನ್ನಡದಲ್ಲಿ ದಪ್ಪ ಅಕ್ಷರ: ತಿಕೋಟಾ. ನನಗೆ ಅಲ್ಲಿಯೇ ಎದ್ದು ಕುಣಿಯಬೇಕು ಅನ್ನಿಸಿತು.

ಕುಣಿಯುವಷ್ಟರಲ್ಲಿ ಆಯಿ ಹಸಿ ಅರಿಷಿಣದಲ್ಲಿ ಬೆರಳು ಅದ್ದಿ ಚೀಟಿಯ ನಾಲ್ಕೂ ಮೂಲೆಗೆ ಹಚ್ಚಿದಳು. ಆಮೇಲೆ ಕುಂಕುಮ ತೆಗೆದುಕೊಂಡಳು. ನಾನು ಬಾಯಿ ತೆರೆದೆ. ಆದರೆ ಉಡಿ ತುಂಬುವ ಹೊತ್ತಿನಲ್ಲಿ ಯಾವ ಹೆಣ್ಣುಮಗಳು ಬೇಡ ಅಂದಾಳು? ನಟ್ಟನಡುವೆ ಬೊಟ್ಟು ಬಿತ್ತು, ಅಂತಿಂಥ ಬೊಟ್ಟಲ್ಲ, ಹೆಬ್ಬೆರಳಿನ ಬೊಟ್ಟು. ಒಬ್ಬೊಬ್ಬ ಮುತ್ತೈದೆಯೂ ತನ್ನ ಪಾಲಿನದೊಂದು ಹಚ್ಚಿದಳು. ಬೆರಳಿನ ಎಣ್ಣೆಯ ಮಾತು ಎತ್ತುವ ಸ್ಥಿತಿಯಲ್ಲಿ ನಾನಿರಲಿಲ್ಲ. ಚೀಟಿ ಉಡಿಗೆ ಬಿತ್ತು. ಅದರ ಮೇಲೆ ಅಕ್ಕಿ, ಖಣ, ಎಲೆ ಅಡಿಕೆ, ಉತ್ತತ್ತಿ, ಅರಿಷಿಣ ಬೇರು, ಕಳಿತ ಬಾಳೆಹಣ್ಣು. ಎಲ್ಲದರ ಮೇಲೆ ಒಂದು ತೆಂಗಿನಕಾಯಿ.

"ದಾರ್ಯಾಗ ಬಿಚ್ಚಬ್ಯಾಡ. ಮನಿಗೆ ಹೋಗಿ ದೇವರ ಮುಂದ ಬಿಚ್ಚು," ಅಂದಳು ಆಯಿ.

ಸ್ಕೂಟರಿನ ಹಿಂದೆ ಉಡಿಯನ್ನು ಎರಡೂ ಕೈಯಲ್ಲಿ ಅವಚಿಕೊಂಡು ಕೂತೆ. ಪ್ರತಿ ತಗ್ಗಿಗೂ ತೆಂಗಿನಕಾಯಿ ಎದ್ದು ಬೀಳುತ್ತಿತ್ತು. ಅರ್ಧ ದಾರಿಯಲ್ಲಿ ಸಾವ್ಕಾರ್ರ ಫೋನು ಬಂತು. ನನ್ನ ಕೈ ಖಾಲಿ ಇಲ್ಲವೆಂದು ಯಜಮಾನರು ಗಾಡಿ ನಿಲ್ಲಿಸಿ ಎತ್ತಿದರು.

"ಹೌದ್ರಿ, ಸಿಕ್ಕೈತಿ... ಸ್ಥಿತಿ? ಚೊಲೊ ಐತ್ರಿ. ಮ್ಯಾಲ ತೆಂಗಿನಕಾಯಿ ಐತಿ, ಮಗ್ಗಲದಾಗ ಬಾಳಿಹಣ್ಣ ಅದಾವು, ನಡುವ ನೋಟು ಸುಖಾ ಐತಿ... ಹಲೋ? ಸಾವ್ಕಾರ್ರ?"

ಮನೆಗೆ ಬಂದು ದೇವರ ಮುಂದೆ ಉಡಿ ಬಿಚ್ಚಿದೆ. ಬಾಳೆಹಣ್ಣು ಒಡೆದಿತ್ತು, ಆದರೆ ಚೀಟಿ ಅಕ್ಕಿಯ ತಳದಲ್ಲಿತ್ತು. ಕುಂಕುಮ ಮುದ್ರೆಯನ್ನು ಅರ್ಧ ನುಂಗಿತ್ತು, ಊರಿನ ಹೆಸರನ್ನು ಮಾತ್ರ ಬಿಟ್ಟಿತ್ತು. ಅಪ್ಪ ಕೈಯಲ್ಲಿ ಹಿಡಿದು ಓಡಿದ್ದು ಇಂಥದ್ದನ್ನೇ. ನನಗೆ ಸಂತೋಷ ತಡೆಯಲಾಗಲಿಲ್ಲ. ದೇವರ ಮುಂದೆ ಕೂತು ಗಳಗಳನೆ ಅತ್ತೆ.

ಯಜಮಾನರು ಮೆಲ್ಲಗೆ ನನ್ನ ಭುಜ ಹಿಡಿದರು. "ಅಳು, ಬ್ಯಾಡ ಅನ್ನೂದಿಲ್ಲ. ಆದ್ರ ಒಂಚೂರು ಹಿಂದ ಸರದು ಅಳು. ಅರಿಷಿಣ ಆತು, ಕುಂಕುಮ ಆತು, ಬಾಳಿಹಣ್ಣ ಆತು. ಕಣ್ಣೀರಿನ್ಯಾಗ ಜಳಕ ಬ್ಯಾಡ."

ಹುಣಸೆ ಬೀಜ

ಪ್ರದರ್ಶನ ವಿಜಯಪುರದ ಒಂದು ಮ್ಯಾರೇಜ್ ಹಾಲಿನಲ್ಲಿ. ನಮ್ಮ ಪ್ರತಿಯೊಬ್ಬರದೂ ಒಂದು ಮೇಜು, ಪ್ರತಿ ಮೇಜಿನ ಮುಂದೆ ಒಂದು ಡಬ್ಬಿ. ನೋಡಲು ಬಂದವರಿಗೆ ಬಾಗಿಲಲ್ಲಿ ಒಂದು ಹುಣಸೆ ಬೀಜ ಕೊಡುತ್ತಿದ್ದರು. ಯಾವ ನೋಟು ಮನಸ್ಸಿಗೆ ಬರುತ್ತದೋ ಆ ಡಬ್ಬಿಗೆ ಹಾಕಬೇಕು. ಸಾವ್ಕಾರ್ರ ಮೇಜು ಬಾಗಿಲ ಎದುರಿಗೇ ಇತ್ತು. ನೀಲಿ ಮಖಮಲ್ಲು, ಸಣ್ಣ ದೀಪ, ದೀಪದ ಕೆಳಗೆ ಗಾಜಿನೊಳಗೆ ರಾಜ. ಪಕ್ಕದಲ್ಲಿ ಒಂದು ಬೋರ್ಡು: "ಮುಟ್ಟಬೇಡಿರಿ. ಬಗ್ಗಿ ಉಸಿರು ಬಿಡಬೇಡಿರಿ."

ಮೂಲೆಯಲ್ಲಿ ನನ್ನ ಮೇಜು. ಬಿಳಿ ಬಟ್ಟೆಯ ಮೇಲೆ ಒಂದೇ ಚೀಟಿ, ಅರಿಷಿಣ ಕುಂಕುಮದ ಸಮೇತ. ಸಾವ್ಕಾರ್ರು ಬಂದು ದೂರದಿಂದಲೇ ನೋಡಿದರು. ಸತ್ತವರ ಮನೆಗೆ ಮಾತಾಡಿಸಲು ಬಂದವರ ಹಾಗೆ ತಲೆಯಾಡಿಸಿದರು. "ಏನ ಆಗಬಾರದಿತ್ತೋ ಎಲ್ಲಾ ಆಗೈತ್ರಿ ಇದಕ್ಕ," ಅಂದು ಹೋದರು. ಅಪ್ಪನ ಮಾತು ಎತ್ತಲೇ ಇಲ್ಲ.

ಮೊದಲ ಒಂದು ತಾಸು ಬೀಜವೆಲ್ಲ ರಾಜನ ಡಬ್ಬಿಗೆ ಬಿದ್ದವು. ನನ್ನ ಡಬ್ಬಿಯಲ್ಲಿ ಇದ್ದದ್ದು ನನ್ನ ಯಜಮಾನರು ಹಾಕಿದ ಒಂದೇ ಬೀಜ. ಆಮೇಲೆ ಒಬ್ಬಾಕೆ ಹಿರಿಯ ಹೆಣ್ಣುಮಗಳು ಬಂದಳು. ಮೇಜುಗಳನ್ನೆಲ್ಲ ದಾಟಿ ನನ್ನ ಮುಂದೆ ಬಂದವಳು ಕುಂಕುಮ ನೋಡಿ ಗಕ್ಕನೆ ನಿಂತಳು. ಚಪ್ಪಲಿ ಬಿಟ್ಟಳು, ಸೆರಗು ಹೊದ್ದಳು, ಕೈ ಮುಗಿದಳು.

"ಯಾವ ಊರ ದೇವೀರಿ?"

"ದೇವಿ ಅಲ್ರಿ, ಬ್ಯಾಂಕು. ತಿಕೋಟಾದ್ದು."

"ಆಗಲಿ ಬಿಡ್ರಿ. ಲಕ್ಷ್ಮಿ ಎಲ್ಲಿದ್ರೇನು?" ಎಂದು ಬೀಜ ಹಾಕಿ, ಮೇಲೆ ಒಂದು ರೂಪಾಯಿಯನ್ನೂ ಇಟ್ಟು, ಚೀಟಿಗೆ ತೋರಿಸಿದ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಹೋದಳು.

ನಮ್ಮ ಮಂದಿ ಕುಂಕುಮ ಇರುವಲ್ಲಿ ಚಪ್ಪಲಿ ಹಾಕಿಕೊಂಡು ನಿಲ್ಲುವುದಿಲ್ಲ. ಒಬ್ಬಳ ಚಪ್ಪಲಿ ನೋಡಿ ಇನ್ನೊಬ್ಬಳು ಬಿಟ್ಟಳು. ಸ್ವಲ್ಪ ಹೊತ್ತಿಗೆ ನನ್ನ ಮೇಜಿನ ಮುಂದೆ ಸಾಲು ಹತ್ತಿತು. ಯಾರೋ ಎರಡು ಮಲ್ಲಿಗೆ ಹೂವು ಏರಿಸಿದರು. ಯಾರೋ ಊದಿನಕಡ್ಡಿ ಹಚ್ಚಲು ಹೊರಟರು, ನಾನು ಕೈ ಕಾಲಿಗೆ ಬಿದ್ದು ನಿಲ್ಲಿಸಿದೆ. ತಿಕೋಟಾದ ಮಂದಿಗೆ ಸುದ್ದಿ ಮುಟ್ಟಿ ಒಂದು ಟೆಂಪೋ ತುಂಬ ಬಂದರು. ಅದರಲ್ಲಿ ಕೋಲೂರಿಕೊಂಡು ಬಂದ ಒಬ್ಬ ಮುದುಕರು ಚೀಟಿ ನೋಡಿ, "ಇದ ಇದು. ನಮ್ಮಪ್ಪ ಸಂತ್ಯಾಗ ಕೊಡತಿದ್ದ. ನಾ ನೋಡೇನಿ," ಎಂದು ಎಲ್ಲರ ಮುಂದೆ ಗಟ್ಟಿಯಾಗಿ ಹೇಳಿದರು. ಅಪ್ಪನ ಬದಲು ಯಾರೋ ಸಾಕ್ಷಿ ಹೇಳಲು ಬಂದಂತೆ ಇತ್ತು.

ನಮ್ಮ ಬ್ಯಾಂಕಿನ ಮ್ಯಾನೇಜರ್ ಸಾಹೇಬರೂ ಸಾಲಿನಲ್ಲಿ ಬಂದು ಕಣ್ಣು ಮುಚ್ಚಿ ಕೈ ಮುಗಿದರು. "ನೀವೂ ಏನ್ರಿ ಸರ?" ಅಂದೆ. ಅವರು ಕಣ್ಣು ತೆರೆಯದೆ, "ಬಾಗಲಾ ಹಾಕಿದ ಬ್ಯಾಂಕ್ ಅಲ್ರೆವಾ. ಅದನ್ನ ಕಂಡ್ರ ನಮ್ಮಂಥವರು ಕೈ ಮುಗದಬಿಡಬೇಕು," ಅಂದರು.

ಮಧ್ಯಾಹ್ನದ ಹೊತ್ತಿಗೆ ನನ್ನ ಡಬ್ಬಿ ತುಂಬಿ ಬೀಜ ಹೊರಗೆ ಚೆಲ್ಲುತ್ತಿದ್ದವು. ರಾಜನ ಮುಂದೆ ನೊಣ ಕೂಡ ಇರಲಿಲ್ಲ. ಬೋರ್ಡು ಓದಿ ಉಸಿರು ಹಿಡಿದುಕೊಂಡ ಮಂದಿ ಅದೇ ಉಸಿರಿನಲ್ಲಿ ನನ್ನ ಕಡೆ ಬರುತ್ತಿದ್ದರು. ಸಾವ್ಕಾರ್ರು ಒಂದು ಸಲ ದೀಪ ಸರಿಮಾಡಿದರು, ಒಂದು ಸಲ ಬೋರ್ಡು ತಿರುಗಿಸಿಟ್ಟರು. ಕಡೆಗೆ ಕೈಗವಸು ತೆಗೆದು ಜೇಬಿಗೆ ಹಾಕಿಕೊಂಡು ಸಾಲಿನಲ್ಲಿ ನಿಂತು ನನ್ನ ಮೇಜಿನ ಮುಂದೆ ಬಂದರು. ಚಪ್ಪಲಿ ಬಿಟ್ಟಿದ್ದರು.

"ಅಕ್ಕಾರ, ಎಲ್ಲಾರ ಮುಂದ ಹೇಳಾಕತ್ತೇನಿ," ಅಂದರು. "ನಿಮ್ಮ ತಂದಿಯವರು ಹೇಳಿದ್ದು ಖರೆ ಐತಿ. ತಿಕೋಟಾ ಬ್ಯಾಂಕ್ ಇತ್ತು, ಚೀಟೀನೂ ಇತ್ತು. ನಾ ನಕ್ಕದ್ದು ತಪ್ಪಾತು."

ಇಷ್ಟು ದಿನ ಓಡಾಡಿದ್ದೆಲ್ಲ ಈ ಒಂದು ಮಾತಿಗಾಗಿ. ಕೈ ಮುಗಿದೆ. ಅವರೂ ಮುಗಿದರು. ಆದರೆ ಜಾಗ ಬಿಟ್ಟು ಕದಲಲಿಲ್ಲ. ಹಿಂದೆ ಮುಂದೆ ನೋಡಿದರು, ಮೇಜಿನ ಮೇಲೆ ಬಗ್ಗಿ ನನಗಷ್ಟೇ ಕೇಳುವ ಹಾಗೆ ಧ್ವನಿ ಇಳಿಸಿದರು.

"ನಿಮ್ಮ ಪರ್ಸಿನ್ಯಾಗ ಅಷ್ಟ ಕುಂಕುಮ ಇದ್ರ ಕೊಡ್ರೆಲಾ ಅಕ್ಕಾರ. ನಮ್ಮ ರಾಜನ ಹಣಿ ಭಾಳ ಬರಿದಾಗಿ ಕಾಣಾಕತ್ತೈತಿ."